ಇಸ್ಪೀಟಿನ ಲೆಕ್ಕ ಬದಲಾಗಿದೆ: ಕಟ್ಟೆಯ ಚಾಣಾಕ್ಷತನ ಮೊಬೈಲ್‌ನಲ್ಲಿ ಏಕೆ ಸೋಲುತ್ತದೆ?

ನಾರಾಯಣಪೇಟೆ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸುತ್ತಿನ ಊರುಗಳಿಗೆ ಇಸ್ಪೀಟು ಹೊಸದೇನಲ್ಲ. ಕನ್ನಡದ ಮನೆಗಳಲ್ಲಿ ಇಸ್ಪೀಟು, ಪಕ್ಕದ ತೆಲುಗು ಮನೆಯಲ್ಲಿ ಪೇಕಾಟ. ಹೆಸರು ಎರಡಾದರೂ ಆಟ ಒಂದೇ. ಹಬ್ಬ ಹುಣ್ಣಿಮೆ ಬಂದರೆ ಕಟ್ಟೆಯ ಮೇಲೆ ರಮ್ಮಿ, ಮೂರೆಲೆ ಹಂಚುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಒಬ್ಬನಿಗೆ 'ಪಳಗಿದ ಕೈ' ಎಂಬ ಹೆಸರೂ ಇರುತ್ತದೆ. ಎದುರಿನವನ ಮುಖ ನೋಡಿಯೇ ಅವನ ಕೈಯಲ್ಲಿರುವ ಎಲೆ ಹೇಳುತ್ತಾನೆ ಎಂಬ ಖ್ಯಾತಿ ಅವನದು.

ಈ ಖ್ಯಾತಿಯನ್ನು ನಂಬಿಕೊಂಡು ಮೊಬೈಲ್‌ನಲ್ಲಿ ಹಣ ಕಟ್ಟಿ ಕೂತವರು ಕೈ ಸುಟ್ಟುಕೊಂಡಿದ್ದಾರೆ. ಎಲೆಗಳು ಅವೇ 52. ಎಕ್ಕ, ರಾಜ, ರಾಣಿ, ಗುಲಾಮ ಎಲ್ಲವೂ ಹಿಂದಿನಂತೆಯೇ ಇವೆ. ಹಾಗಿದ್ದರೆ ಬದಲಾದದ್ದು ಏನು? ಮೂರು ಸಂಗತಿ ಬದಲಾಗಿವೆ. ಎದುರಾಳಿಯ ತಿಳಿವಳಿಕೆ ಬದಲಾಗಿದೆ, ಆಟ ನಡೆಸುವವನು ಎತ್ತಿಕೊಳ್ಳುವ ಪಾಲು ಬದಲಾಗಿದೆ, ಆಟದ ಮೇಲಿನ ಕಾನೂನು ಬದಲಾಗಿದೆ. ಈ ಮೂರನ್ನೂ ತಿಳಿಯದವನು ಎಷ್ಟೇ ಜಾಣನಾದರೂ ಅವನ ಆಟ ಹಳೆಯದಾಗಿಬಿಡುತ್ತದೆ. ಒಂದೊಂದಾಗಿ ನೋಡೋಣ.

ಮೂರೆಲೆ: ಅದೃಷ್ಟದ ಲೆಕ್ಕ

ಮೊದಲು ಎಲ್ಲರಿಗೂ ಗೊತ್ತಿರುವ ಮೂರೆಲೆ. ಇದನ್ನೇ ತೀನ್ ಪತ್ತಿ ಎನ್ನುತ್ತಾರೆ. 52 ಎಲೆಗಳಲ್ಲಿ ಮೂರನ್ನು 22,100 ಬಗೆಯಲ್ಲಿ ಹಂಚಬಹುದು. ಇವುಗಳಲ್ಲಿ 16,440 ಬಗೆಗಳು ಏನೂ ಕೂಡಿಬರದ ಬರಿಗೈ. ಅಂದರೆ ನೂರರಲ್ಲಿ ಸುಮಾರು 74 ಸಲ ಕೈಯಲ್ಲಿ ಏನೂ ಇರುವುದಿಲ್ಲ. ಜೋಡಿ ಬರುವುದು ನೂರಕ್ಕೆ 17 ಸಲ. ಮೂರೂ ಒಂದೇ ಸಂಖ್ಯೆಯ ಎಲೆ ಬರುವ ಬಗೆಗಳು ಬರೀ 52.

ಇಲ್ಲೊಂದು ಸ್ವಾರಸ್ಯವಿದೆ. ಒಂದೇ ಜಾತಿಯ ಮೂರು ಎಲೆ ಸಾಲಾಗಿ ಬರುವ ಬಗೆಗಳು 48 ಮಾತ್ರ. ಅಂದರೆ ಅದು ಮೂರೂ ಒಂದೇ ಸಂಖ್ಯೆ ಬರುವುದಕ್ಕಿಂತ ಅಪರೂಪ. ಆದರೂ ಆಟದ ನಿಯಮದಲ್ಲಿ ಒಂದೇ ಸಂಖ್ಯೆಯ ಮೂರು ಎಲೆಯೇ ದೊಡ್ಡದು. ವರ್ಷಗಟ್ಟಲೆ ಆಡಿದವರಲ್ಲೂ ಇದನ್ನು ಗಮನಿಸಿದವರು ಕಡಿಮೆ. ಅನುಭವ ಬೇರೆ, ಲೆಕ್ಕ ಬೇರೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮೂರೆಲೆಯಲ್ಲಿ ಎಲೆ ಬದಲಿಸುವ ಅವಕಾಶವಿಲ್ಲ. ಬಂದದ್ದೇ ಪಾಲು. ಪಣ ಏರಿಸಿ ಎದುರಿನವನನ್ನು ಹೆದರಿಸುವುದಷ್ಟೇ ಆಟಗಾರನ ಕೈಯಲ್ಲಿದೆ. ನ್ಯಾಯಾಲಯಗಳು ಇದನ್ನು ಅದೃಷ್ಟದ ಆಟವೆಂದೇ ಕಂಡಿವೆ.

ರಮ್ಮಿ: ನೆನಪಿನ ಆಟ

ರಮ್ಮಿಯ ಸಂಗತಿ ಬೇರೆ. 13 ಎಲೆ ಕೈಗೆ ಬಂದ ಮೇಲೆ ಎತ್ತುವುದು, ಬಿಸಾಕುವುದು, ಜೋಡಿಸುವುದು ಆಟಗಾರನ ಕೆಲಸ. ಎರಡು ಕಟ್ಟು ಸೇರಿಸಿ ಆಡುವುದರಿಂದ ಪ್ರತಿ ಎಲೆಯೂ ಎರಡು ಸಲ ಇರುತ್ತದೆ. ಆಟೀನಿನ 5 ಮತ್ತು 6 ಕೈಯಲ್ಲಿದ್ದರೆ 4 ಬಂದರೂ ಆಯಿತು, 7 ಬಂದರೂ ಆಯಿತು. ಕಾಯಬಹುದಾದ ಎಲೆಗಳು ನಾಲ್ಕು. ಅದೇ 5 ಮತ್ತು 7 ಇದ್ದರೆ ನಡುವಿನ 6 ಮಾತ್ರ ಬೇಕು. ಕಾಯುವ ಎಲೆ ಎರಡೇ. ಆ ಎರಡೂ ಆಗಲೇ ಕೆಳಗೆ ಬಿದ್ದಿದ್ದರೆ ಕಾಯುವುದೇ ವ್ಯರ್ಥ. ಬಿದ್ದ ಎಲೆ ನೆನಪಿಟ್ಟವನು ಇಲ್ಲಿ ಗೆಲ್ಲುತ್ತಾನೆ.

ಹಳೆಯ ಕಟ್ಟೆಯ ಆಟದಲ್ಲಿ ರಾಜ, ರಾಣಿ ಹಿಡಿದು ಕೊನೆಯ ತನಕ ಕಾಯುವುದು ಗಂಡೆದೆಯ ಲಕ್ಷಣವಾಗಿತ್ತು. ಅಂಕದ ರಮ್ಮಿ ಬಂದ ಮೇಲೆ ಇದು ಬದಲಾಯಿತು. ರಾಜ, ರಾಣಿ, ಗುಲಾಮ, ಎಕ್ಕ ಒಂದೊಂದಕ್ಕೂ 10 ಅಂಕ. ಸೋತರೆ ಗರಿಷ್ಠ 80 ಅಂಕ ತೆರಬೇಕು. ಮೊದಲೇ ಎಲೆ ಇಟ್ಟು ಎದ್ದರೆ ಸಾಮಾನ್ಯವಾಗಿ 20 ಅಂಕಕ್ಕೆ ಮುಗಿಯುತ್ತದೆ, ನಡುವೆ ಎದ್ದರೆ 40. ಹೀಗಾಗಿ 'ಲೈಫ್' ಎಂದು ಕರೆಯುವ, ಜೋಕರ್ ಇಲ್ಲದ ಸರಣಿಯನ್ನು ಮೊದಲು ಕಟ್ಟುವುದು, ದೊಡ್ಡ ಎಲೆಗಳನ್ನು ಬೇಗ ಬಿಸಾಕುವುದು, ಕೈ ಕೆಟ್ಟಿದ್ದರೆ ಸುಮ್ಮನೆ 20 ಕೊಟ್ಟು ಏಳುವುದು ಜಾಣತನವಾಯಿತು. ಕಟ್ಟೆಯಲ್ಲಿ ಹೇಡಿತನ ಎನಿಸಿಕೊಂಡದ್ದೇ ಈ ಆಟದಲ್ಲಿ ಬುದ್ಧಿವಂತಿಕೆ.

ಪೋಕರ್ ಎಂದರೆ ಏನು?

ಪೋಕರ್ ಈ ಭಾಗಕ್ಕೆ ಬಂದದ್ದು ಮೊಬೈಲ್ ಮೂಲಕ. ಮೂರೆಲೆಯ ಧೈರ್ಯ, ರಮ್ಮಿಯ ಲೆಕ್ಕ ಎರಡೂ ಇದರಲ್ಲಿ ಸೇರಿವೆ. ಹೆಚ್ಚು ಪ್ರಚಲಿತವಾದ ಟೆಕ್ಸಾಸ್ ಹೋಲ್ಡೆಮ್ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ ಸಿಗುತ್ತವೆ. ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆಗಳು ಹಂತ ಹಂತವಾಗಿ ಬೀಳುತ್ತವೆ. ಏಳರಲ್ಲಿ ಒಳ್ಳೆಯ ಐದು ಎಲೆ ಕೂಡಿಸಿದವನು ಗೆಲ್ಲುತ್ತಾನೆ. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಏರಿಸಬಹುದು, ಎಲೆ ಇಟ್ಟು ಏಳಬಹುದು.

ಇದರ ಮೂಲ ಲೆಕ್ಕ ಹೀಗಿದೆ. ನಡುವೆ 300 ರೂಪಾಯಿ ಇದೆ ಎನ್ನಿ. ಎದುರಿನವನು 100 ಕಟ್ಟಿದ. ನೀವು 100 ಕೊಟ್ಟರೆ ಒಟ್ಟು 500. ನಿಮ್ಮ ಪಾಲಿನ ವೆಚ್ಚ ಐದರಲ್ಲಿ ಒಂದು, ಅಂದರೆ ಶೇ.20. ಗೆಲ್ಲುವ ಸಂಭವ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದುವರಿಯಬೇಕು. ಕೈಯಲ್ಲಿ ಎರಡು, ನೆಲದ ಮೇಲೆ ಎರಡು ಆಟೀನು ಇವೆ, ಇನ್ನೊಂದು ಬಂದರೆ ಗೆಲುವು ಖಚಿತ, ಬೀಳಬೇಕಾದದ್ದು ಒಂದೇ ಎಲೆ ಎಂದುಕೊಳ್ಳಿ. ಕಾಣದ ಎಲೆಗಳು 46, ಅವುಗಳಲ್ಲಿ ಆಟೀನು 9. ಸಂಭವ ಶೇ.19.6. ಕೂದಲೆಳೆಯಷ್ಟು ಕಡಿಮೆ! ಎದುರಿನವನು 50 ಕಟ್ಟಿದ್ದರೆ ನಿಮ್ಮ ವೆಚ್ಚ 400ರಲ್ಲಿ 50, ಅಂದರೆ ಶೇ.12.5. ಆಗ ಮುಂದುವರಿಯುವುದು ಸರಿ. 200 ಕಟ್ಟಿದ್ದರೆ ವೆಚ್ಚ ಶೇ.28ಕ್ಕೂ ಹೆಚ್ಚು. ಏಳುವುದೇ ಲೇಸು. ಎಲೆ ಅದೇ, ಆಸೆಯೂ ಅದೇ. ಬೆಲೆ ಬದಲಾದಂತೆ ಉತ್ತರ ಬದಲಾಗುತ್ತದೆ.

ಮುಖ ನೋಡುವ ಕಾಲ ಹೋಯಿತು

ಪೋಕರ್ ತಂತ್ರ ಅಮೆರಿಕದಲ್ಲೂ ಮೊದಲು ಬಾಯಿಂದ ಬಾಯಿಗೆ ಹೋಗುವ ಗುಟ್ಟಾಗಿತ್ತು. 1970ರ ದಶಕದ ಕೊನೆಯಲ್ಲಿ ಖ್ಯಾತ ಆಟಗಾರ ಡೋಯ್ಲ್ ಬ್ರನ್‌ಸನ್ ತಮ್ಮ ತಂತ್ರಗಳನ್ನು 'ಸೂಪರ್ ಸಿಸ್ಟಮ್' ಎಂಬ ಪುಸ್ತಕದಲ್ಲಿ ಬರೆದರು. ಕೈ ಚಿಕ್ಕದಿದ್ದರೂ ಮೇಲೆ ಬಿದ್ದು ಪಣ ಏರಿಸುವ ಆಟ ಎಲ್ಲರಿಗೂ ತಿಳಿಯಿತು. ತಿಳಿದ ಮೇಲೆ ಅದರ ಲಾಭ ಕಡಿಮೆಯಾಯಿತು.

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ಕೆಲಸಗಾರ ಇಂಟರ್‌ನೆಟ್‌ನ ಅರ್ಹತಾ ಪಂದ್ಯ ಗೆದ್ದು ಲಾಸ್ ವೇಗಾಸ್‌ಗೆ ಹೋದರು. 839 ಮಂದಿ ಆಡಿದ ವಿಶ್ವ ಪಂದ್ಯದಲ್ಲಿ ಗೆದ್ದು 25 ಲಕ್ಷ ಡಾಲರ್ ಪಡೆದರು. 2006ರ ಹೊತ್ತಿಗೆ ಅದೇ ಪಂದ್ಯಕ್ಕೆ 8,773 ಮಂದಿ ಬಂದರು. ಕಂಪ್ಯೂಟರ್ ಮುಂದೆ ಕೂತ ಹುಡುಗರು ಹಳಬರು ವರ್ಷದಲ್ಲಿ ಆಡುವಷ್ಟು ಕೈಗಳನ್ನು ವಾರಗಳಲ್ಲಿ ಆಡತೊಡಗಿದರು. ಪರದೆಯ ಹಿಂದೆ ಮುಖವೇ ಕಾಣದಾದಾಗ ಮುಖ ಓದುವ ವಿದ್ಯೆಗೆ ಬೆಲೆ ಎಲ್ಲಿ?

ಅದರ ಜಾಗಕ್ಕೆ ಸಮತೋಲನದ ತಂತ್ರ ಬಂತು. ನಡುವೆ 100 ಇರುವಾಗ ಒಬ್ಬ 100 ಕಟ್ಟಿದ ಎನ್ನಿ. ಎದುರಿನವನು 100 ಕೊಟ್ಟರೆ ಒಟ್ಟು 300. ಮೂರರಲ್ಲಿ ಒಂದು ಸಲ ಗೆದ್ದರೆ ಅವನಿಗೆ ನಷ್ಟವಿಲ್ಲ. ಹಾಗಾಗಿ ಪಣ ಕಟ್ಟುವವನು ಎರಡು ಸಲ ನಿಜವಾದ ಕೈ, ಒಂದು ಸಲ ಬರೀ ಬೊಗಳೆ ಎಂಬ ಪ್ರಮಾಣ ಇಟ್ಟುಕೊಂಡರೆ ಎದುರಿನವನು ಏನು ಮಾಡಿದರೂ ಲಾಭವಾಗದು. 'ಇವನು ಸುಳ್ಳಾಡುತ್ತಿದ್ದಾನೋ ಇಲ್ಲವೋ' ಎಂದು ಊಹಿಸುವುದೇ ನಿಷ್ಪ್ರಯೋಜಕವಾಗುತ್ತದೆ. ಈ ಪ್ರಮಾಣಗಳನ್ನು ಪ್ರತಿ ಸನ್ನಿವೇಶಕ್ಕೂ ಲೆಕ್ಕ ಹಾಕಿಕೊಡುವ ತಂತ್ರಾಂಶಗಳು ಕಳೆದ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಕಸುಬಾಗಿ ಆಡುವವರು ಇವನ್ನು ಪಠ್ಯಪುಸ್ತಕದಂತೆ ಓದುತ್ತಾರೆ.

ಹಗಲು ಆಟ, ರಾತ್ರಿ ಪಾಠ

ಮನುಷ್ಯರ ನಂತರ ಯಂತ್ರದ ಸರದಿ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇಬ್ಬರು ಆಡುವ, ಪಣಕ್ಕೆ ಮಿತಿ ಇರುವ ಪೋಕರನ್ನು ಹೆಚ್ಚೂಕಡಿಮೆ ಪೂರ್ತಿ ಬಿಡಿಸಿರುವುದಾಗಿ ಪ್ರಕಟಿಸಿದರು. 2017ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಲಿಬ್ರಾಟಸ್' ಎಂಬ ಯಂತ್ರ ನಾಲ್ವರು ವೃತ್ತಿಪರರೊಂದಿಗೆ ಮಿತಿಯಿಲ್ಲದ ಪೋಕರ್ ಆಡಿತು. 20 ದಿನ, 1,20,000 ಕೈ. ನಾಲ್ವರೂ ಸೋತರು.

ಯಂತ್ರ ಗೆದ್ದ ರೀತಿ ಇಲ್ಲಿ ಮುಖ್ಯ. ಹಗಲು ಆಟದಲ್ಲಿ ತನ್ನ ಯಾವ ನಡೆಯನ್ನು ಎದುರಾಳಿಗಳು ಹೆಚ್ಚು ಪರೀಕ್ಷಿಸುತ್ತಿದ್ದಾರೆ ಎಂದು ಗುರುತಿಸಿ, ರಾತ್ರಿ ಲೆಕ್ಕ ಹಾಕಿ ಆ ತೂತನ್ನು ಮುಚ್ಚಿಕೊಳ್ಳುತ್ತಿತ್ತು. ಆಟಗಾರರು ಸಂಜೆ ಕಂಡುಹಿಡಿದ ದೌರ್ಬಲ್ಯ ಕೆಲವೇ ದಿನಗಳಲ್ಲಿ ಇಲ್ಲವಾಗುತ್ತಿತ್ತು. 2019ರಲ್ಲಿ ಅದೇ ಸಂಶೋಧಕರ 'ಪ್ಲುರಿಬಸ್' ಆರು ಮಂದಿಯ ಆಟದಲ್ಲೂ ವೃತ್ತಿಪರರನ್ನು ಮೀರಿಸಿತು.

ಕಟ್ಟೆಯ ಆಟಗಾರನಿಗೆ ಇದರಿಂದ ಎರಡು ಪಾಠ. ಒಂದು, ತನ್ನ ತಪ್ಪನ್ನು ಅಂದೇ ಬರೆದಿಟ್ಟು ತಿದ್ದಿಕೊಳ್ಳುವವನೇ ಮುಂದೆ ಹೋಗುತ್ತಾನೆ. ಇನ್ನೊಂದು, ಪರದೆಯ ಆಚೆ ಇರುವುದು ಮನುಷ್ಯನೋ, ಮನುಷ್ಯನ ಹೆಸರಿನಲ್ಲಿ ಆಡುವ ತಂತ್ರಾಂಶವೋ, ಫೋನಿನಲ್ಲಿ ಎಲೆ ಹೇಳಿಕೊಳ್ಳುವ ಇಬ್ಬರು ಗೆಳೆಯರೋ ತಿಳಿಯುವ ದಾರಿ ಅವನಿಗಿಲ್ಲ. ಕಟ್ಟೆಯ ಮೇಲೆ ಕಳ್ಳಾಟ ಆಡಿದವನನ್ನು ಊರೇ ಗುರುತಿಸುತ್ತದೆ. ಮೊಬೈಲ್‌ನಲ್ಲಿ ಆ ರಕ್ಷಣೆ ಇಲ್ಲ.

ನಡೆಸುವವನ ಪಾಲು

ಜಾಣರೂ ಮರೆಯುವ ಲೆಕ್ಕ ಇದು. ಮನೆಯ ಜಗುಲಿಯಲ್ಲಿ ಒಬ್ಬ ಸೋತದ್ದನ್ನು ಇನ್ನೊಬ್ಬ ಗೆಲ್ಲುತ್ತಾನೆ, ಹಣ ಆಟಗಾರರಲ್ಲೇ ಸುತ್ತುತ್ತದೆ. ಆಟ ನಡೆಸುವವನು ಪಾಲು ಎತ್ತತೊಡಗಿದರೆ ಕತೆ ಬೇರೆ. ಆರು ಮಂದಿ ತಲಾ 1,000 ತಂದು ಕೂತರು ಎನ್ನಿ. ಪ್ರತಿ ಕೈಗೆ ತಲಾ 100 ಕಟ್ಟುತ್ತಾರೆ, ಉದಾಹರಣೆಗೆ ನಡೆಸುವವನ ಪಾಲು ನೂರಕ್ಕೆ ಹತ್ತು. ಕೈಯೊಂದಕ್ಕೆ 60 ರೂಪಾಯಿ ಹೊರಗೆ ಹೋಯಿತು. ಹತ್ತು ಕೈಗೆ 600. ಐವತ್ತು ಕೈ ಮುಗಿಯುವಾಗ ತಂದ 6,000ದಲ್ಲಿ 3,000 ಮಾಯ. ಆರೂ ಮಂದಿ ಸಮಾನ ಜಾಣರಾಗಿದ್ದರೆ ಆರೂ ಮಂದಿ ಸರಾಸರಿ ಅರ್ಧ ಹಣ ಕಳೆದುಕೊಂಡಿರುತ್ತಾರೆ. ಗೆದ್ದವನು ಯಾರು? ಆಡದೇ ಕೂತವನು.

ಇದರ ಮೇಲೆ ತೆರಿಗೆ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ.30 ಮೂಲದಲ್ಲೇ ಕಡಿತ ಶುರುವಾಯಿತು. 2023ರ ಅಕ್ಟೋಬರ್ 1ರಿಂದ ಆಟಗಾರ ಖಾತೆಗೆ ತುಂಬುವ ಹಣದ ಪೂರ್ತಿ ಮೊತ್ತದ ಮೇಲೆ ಶೇ.28 ಜಿಎಸ್‌ಟಿ ಬಂತು. ತೆರಿಗೆ ಸೇರಿ 100 ರೂಪಾಯಿ ತುಂಬಿದರೆ ಅದರಲ್ಲಿ ಸುಮಾರು 22 ರೂಪಾಯಿ ತೆರಿಗೆಯ ಪಾಲು. 2025ರ ಸೆಪ್ಟೆಂಬರ್‌ನಲ್ಲಿ ಈ ದರವನ್ನು ಶೇ.40ಕ್ಕೆ ಏರಿಸಲಾಯಿತು. ಎಷ್ಟೇ ಚೆನ್ನಾಗಿ ಆಡಿದರೂ ಇಷ್ಟು ದೊಡ್ಡ ತೂತನ್ನು ಕೌಶಲದಿಂದ ತುಂಬುವುದು ಸುಲಭವಲ್ಲ.

ಸಿಕಂದರಾಬಾದಿನ ಒಂದು ಕೇಸು

ಮೂರನೆಯದು ಕಾನೂನು. ಇಡೀ ದೇಶ ಇಂದಿಗೂ ಉಲ್ಲೇಖಿಸುವ ರಮ್ಮಿ ತೀರ್ಪು ಹುಟ್ಟಿದ್ದು ಇದೇ ರಾಜ್ಯದ ನೆಲದಲ್ಲಿ. 1963ರಲ್ಲಿ ಸಿಕಂದರಾಬಾದಿನ ಒಂದು ಮನರಂಜನಾ ಕ್ಲಬ್ ಮೇಲೆ ಪೊಲೀಸರು ದಾಳಿ ಮಾಡಿದರು. ನಿಜಾಮರ ಕಾಲದ ಹೈದರಾಬಾದ್ ಜೂಜು ಕಾಯ್ದೆಯಡಿ ಪ್ರಕರಣ ನಡೆದು ಸುಪ್ರೀಂ ಕೋರ್ಟ್ ತನಕ ಹೋಯಿತು. 'ಆಂಧ್ರಪ್ರದೇಶ ರಾಜ್ಯ ವಿರುದ್ಧ ಸತ್ಯನಾರಾಯಣ' ಎಂಬ ಈ ಪ್ರಕರಣ 1968ರ ಕಾನೂನು ವರದಿಗಳಲ್ಲಿ ಪ್ರಕಟವಾಗಿದೆ. ರಮ್ಮಿ ಮೂರೆಲೆಯಂತೆ ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆ ನೆನಪಿಡಬೇಕು, ಹಿಡಿಯುವ ಬಿಡುವ ಜಾಣ್ಮೆ ಬೇಕು, ಆದ್ದರಿಂದ ಮುಖ್ಯವಾಗಿ ಕೌಶಲದ ಆಟ ಎಂದು ನ್ಯಾಯಾಲಯ ಹೇಳಿತು. ಆದರೆ ಆಟದಿಂದ ಕ್ಲಬ್‌ನವರು ಲಾಭ ಎತ್ತುತ್ತಿದ್ದರೆ ಅದು ಅಪರಾಧವಾಗಬಹುದು ಎಂದೂ ಸೂಚಿಸಿತು. 'ರಮ್ಮಿಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಇದೆ' ಎನ್ನುವವರು ಈ ಎರಡನೆಯ ಮಾತನ್ನು ಬಿಟ್ಟುಬಿಡುತ್ತಾರೆ.

ಸೇತುವೆಯ ಎರಡು ಬದಿ

1956ರ ತನಕ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಭಾಷಾವಾರು ವಿಂಗಡಣೆಯಲ್ಲಿ ಅವು ಆಂಧ್ರದ ಮಹಬೂಬ್‌ನಗರಕ್ಕೆ ಹೋದವು. ನಂಟಸ್ತನ ಮಾತ್ರ ಹಾಗೆಯೇ ಉಳಿಯಿತು. ಮಕ್ತಲ್‌ನಿಂದ ಹೊರಟು ಕೃಷ್ಣಾ ಸೇತುವೆ ದಾಟಿದರೆ ದೇವಸೂಗೂರು, ಶಕ್ತಿನಗರ, ಮುಂದೆ ರಾಯಚೂರು. ಆದರೆ ಸೇತುವೆಯ ಆಚೆ ಕರ್ನಾಟಕದ ಪೊಲೀಸ್ ಕಾಯ್ದೆ, ಈಚೆ 1974ರ ಗೇಮಿಂಗ್ ಕಾಯ್ದೆ.

2017ರಲ್ಲಿ ತೆಲಂಗಾಣ ಸರ್ಕಾರ ಈ ಕಾಯ್ದೆಗೆ ತಿದ್ದುಪಡಿ ತಂದಿತು. ಇಂಟರ್‌ನೆಟ್ ಜಾಗವೂ ಜೂಜಿನ ಅಡ್ಡೆಯ ವ್ಯಾಖ್ಯೆಗೆ ಸೇರಿತು. ಹಣ ಕಟ್ಟಿ ಆಡುವುದಕ್ಕೆ ಕೌಶಲದ ಆಟವೆಂಬ ವಿನಾಯಿತಿ ಸಿಗದಂತಾಯಿತು. ರಮ್ಮಿ ಕಂಪನಿಗಳು ತೆಲಂಗಾಣದಲ್ಲಿರುವ ಮೊಬೈಲ್‌ಗಳಿಗೆ ಹಣದ ಆಟ ನಿಲ್ಲಿಸಿದವು.

ಆಚೆ ಬದಿಯ ಕತೆ ಬೇರೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರನ್ನು ಕೌಶಲದ ಆಟವಾಗಿ ಕ್ಲಬ್‌ಗಳಲ್ಲಿ ಆಡಲು ಅಡ್ಡಿಯಿಲ್ಲ ಎಂದಿತ್ತು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕವೂ ಆನ್‌ಲೈನ್ ಪಣದ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಹೀಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮೊಬೈಲ್ ಸೇತುವೆಯ ಆಚೆ ತೆರೆದುಕೊಳ್ಳುತ್ತಿತ್ತು, ಈಚೆ ಬಂದರೆ ಮುಚ್ಚಿಕೊಳ್ಳುತ್ತಿತ್ತು. ಸ್ಥಳ ಮರೆಮಾಚುವ ತಂತ್ರಾಂಶ ಹಾಕಿ ಆಡಿದರೆ ಕಂಪನಿಯ ನಿಯಮ ಮುರಿದಂತೆ. ಸೋತರೆ ಹಣ ಹೋಯಿತು, ಗೆದ್ದರೂ ಖಾತೆ ತಡೆಹಿಡಿಯುವ ಅಧಿಕಾರ ಕಂಪನಿಗೆ.

2025ರ ಕೇಂದ್ರ ಕಾಯ್ದೆ

ಈ ಗೊಂದಲಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ತೆರೆ ಎಳೆಯಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಆಗಸ್ಟ್ 20 ಮತ್ತು 21ರಂದು ಎರಡೂ ಸದನಗಳಲ್ಲಿ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಕೌಶಲವಿರಲಿ, ಅದೃಷ್ಟವಿರಲಿ, ಎರಡೂ ಇರಲಿ, ಗೆಲುವಿನ ಆಸೆಯಿಂದ ಹಣ ಕಟ್ಟುವ ಆನ್‌ಲೈನ್ ಆಟಕ್ಕೆ ನಿಷೇಧ. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದ ತನಕ. ದೇಶದ ದೊಡ್ಡ ಪೋಕರ್, ರಮ್ಮಿ ಕಂಪನಿಗಳು ಅದೇ ತಿಂಗಳು ಹಣದ ಆಟ ನಿಲ್ಲಿಸಿದವು. ವರ್ಷಕ್ಕೆ ಸುಮಾರು 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು ಎಂಬುದು ಆಗ ಸರ್ಕಾರ ಹೇಳಿದ ಅಂದಾಜು. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ಹೈಕೋರ್ಟ್‌ಗಳಿಗೆ ಹೋದವು, ಆ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಕೇಂದ್ರ ಕಾಯ್ದೆ ಆಡುವವನನ್ನು ಶಿಕ್ಷಿಸುವುದಿಲ್ಲ. ಆದರೆ ತೆಲಂಗಾಣದ ಕಾಯ್ದೆಯಲ್ಲಿ ಆಡುವವನೂ ಆರೋಪಿಯೇ. ಹಣ ಕಟ್ಟದ, ಅಂಕಕ್ಕೆ ಮಾತ್ರ ಆಡುವ ಆಟಕ್ಕೆ ಈ ನಿಷೇಧವಿಲ್ಲ.

ದೊಡ್ಡ ಕಂಪನಿ ಹೋದ ಜಾಗಕ್ಕೆ ಈಗ ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಹೆಸರಿಲ್ಲದ ಲಿಂಕ್‌ಗಳ ಅಪಾಯ. ಮೊದಲು ಸಣ್ಣ ಮೊತ್ತ ಗೆಲ್ಲಿಸಿ, ದೊಡ್ಡ ಮೊತ್ತ ತುಂಬಿಸಿಕೊಂಡು, ಹಣ ತೆಗೆಯಲು 'ತೆರಿಗೆ ಕಟ್ಟಿ' ಎನ್ನುವುದು ಇಂಥ ವಂಚಕರ ಮಾಮೂಲು ದಾರಿ. ಅಲ್ಲಿ ಎಲೆ ಹಂಚುವವನೇ ಕಳ್ಳ. ಯಾವ ತಂತ್ರ ಕಲಿತರೇನು?

ಈಗ ಏನು ಮಾಡಬೇಕು?

ಆಟ ಪ್ರೀತಿಸುವವರು ಆಟ ಬಿಡಬೇಕಿಲ್ಲ. ಅಂಕಕ್ಕೆ, ಹುಣಸೆಬೀಜಕ್ಕೆ ಆಡಿದರೂ ರಮ್ಮಿ ನೆನಪನ್ನು ಹರಿತ ಮಾಡುತ್ತದೆ, ಪೋಕರ್ ಸಂಭವದ ಗಣಿತ ಕಲಿಸುತ್ತದೆ. ಆಡಿದ ಕೈಗಳನ್ನು ಬರೆದಿಡಿ. ಗೆದ್ದ ಕೈಯಲ್ಲೂ ನಿರ್ಧಾರ ಸರಿಯಿತ್ತೇ ಎಂದು ನೋಡಿ. ತಪ್ಪು ನಿರ್ಧಾರಕ್ಕೂ ಕೆಲವೊಮ್ಮೆ ಗೆಲುವು ಬರುತ್ತದೆ, ಆ ಗೆಲುವೇ ಮುಂದೆ ಕೆಡಿಸುತ್ತದೆ.

ಹತ್ತಿ, ಭತ್ತ ಮಾರಿದ ಹಣ ಕೈಗೆ ಬರುವ ತಿಂಗಳು ಹೆಚ್ಚು ಎಚ್ಚರ ಬೇಕು. ಸೋತದ್ದನ್ನು ಗೆದ್ದು ತೀರಿಸುತ್ತೇನೆ ಎಂದು ಆಡುವವನಿಗೆ ಲೆಕ್ಕವೇ ಕಾಣುವುದಿಲ್ಲ. ಆಟದ ಸಾಲಕ್ಕೆ ಆ್ಯಪ್ ಸಾಲ ತೆಗೆದರಂತೂ ಕುತ್ತಿಗೆಗೆ ಎರಡು ಹಗ್ಗ. ಆ್ಯಪ್ ಸಾಲಗಾರರ ಕಿರುಕುಳದ ಪ್ರಕರಣಗಳಲ್ಲಿ ಹೈದರಾಬಾದ್ ಪೊಲೀಸರು 2020ರ ಡಿಸೆಂಬರ್‌ನಲ್ಲಿ ಹಲವರನ್ನು ಬಂಧಿಸಿದ್ದು ನೆನಪಿರಲಿ.

ಮನೆಯಲ್ಲಿ ಯಾರಾದರೂ ರಾತ್ರಿಯಿಡೀ ಮೊಬೈಲ್ ಹಿಡಿದು ಕೂತರೆ, ಕಾರಣ ಹೇಳದೆ ಕೈಗಡ ಕೇಳಿದರೆ, ಒಡವೆ ಅಡವಿಟ್ಟರೆ ಬೈಯುವ ಮೊದಲು ಕೂತು ಎಷ್ಟು ಸಾಲವಾಗಿದೆ ಎಂದು ಕೇಳಿ. ಮೊತ್ತ ಹೊರಬಂದರೆ ಅರ್ಧ ಭಾರ ಇಳಿದಂತೆ. ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು. ಬದುಕೇ ಬೇಡ ಎನಿಸುವಷ್ಟು ನೊಂದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ.

ಕೈ ಕೆಟ್ಟಿದ್ದಾಗ 20 ಅಂಕ ಕೊಟ್ಟು ಏಳುವುದನ್ನು ರಮ್ಮಿಯೇ ಕಲಿಸಿದೆ. ಹಣದ ಆನ್‌ಲೈನ್ ಆಟದ ಮಟ್ಟಿಗೆ ಈಗ ಎಲ್ಲರ ಕೈಯಲ್ಲೂ ಇರುವುದು ಅಂಥದೇ ಕೈ. ಎದ್ದವನು ಕಳೆದುಕೊಳ್ಳುವುದು ಇಪ್ಪತ್ತು, ಕೂತವನು ಎಂಬತ್ತು.